ಮಲಕಾಜಪ್ಪನ ಲಾಕ್ ನಟ್ಟು

ನಮ್ಮ ಬೈಲಹೊಂಗಲದ ಓಣಿಯಲ್ಲಿ ಯಾರೇ ಹೊಸ ಕಾರು ತಂದರೂ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜೆ ಮುಗಿಸಿದ ಮೇಲೆ ನನ್ನ ಮನೆಯ ಕಟ್ಟೆಗೆ ಬಂದು ಒಂದು ಪ್ರಶ್ನೆ ಕೇಳುತ್ತಾರೆ. “ಬಾಯಾರ, ಗಾಲಿಗೆ ಲಾಕ್ ನಟ್ ಹಾಕಸಬೇಕೋ ಬ್ಯಾಡೋ?” ನಾನು ನೇಸರಗಿಯ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಸಿ ನಿವೃತ್ತಳಾದ ಸಾವಂತ್ರೆವ್ವ ಬಾಯಾರು. ಕಾರಿನ ವಿಷಯದಲ್ಲಿ ನನಗೆ ಬರುವ ವಿದ್ಯೆ ಒಂದೇ, ಹಿಂದಿನ ಸೀಟಿನಲ್ಲಿ ಕುಳಿತು ತಮ್ಮನನ್ನು ಬೈಯುವುದು. ಆದರೂ ನನ್ನನ್ನೇ ಕೇಳುತ್ತಾರೆ, ಯಾಕೆಂದರೆ ನಮ್ಮ ಓಣಿಯಲ್ಲಿ ಮೊಟ್ಟಮೊದಲು ಲಾಕ್ ನಟ್ ಹಾಕಿಸಿದವನು ನನ್ನ ತಮ್ಮ ಮಲಕಾಜಪ್ಪ. ಅದೂ ಕಳ್ಳರ ಭಯಕ್ಕಲ್ಲ, ಬೀಗರ ಭಯಕ್ಕೆ. ಕೇಳಿದವರಿಗೆ ನಾನು ಹೌದು, ಅಲ್ಲ ಎಂದು ಹೇಳುವುದಿಲ್ಲ. ಕುಂತು ಪೂರ್ತಿ ಕೇಳ್ರಿ ಎಂದು ಇವನ ಕತೆಯನ್ನೇ ಹೇಳುತ್ತೇನೆ.

ಮಲಕಾಜಪ್ಪನದು ಪೇಟೆಯಲ್ಲಿ ದನಗಳಿಗೆ ಹಾಕುವ ಹತ್ತಿಕಾಳು ಮತ್ತು ಹಿಂಡಿಯ ಅಂಗಡಿ. ಸಣ್ಣ ಆಳು, ಬಡಕಲು ಮೈ, ಮೆಲ್ಲನೆ ಮಾತು. ಗಿರಾಕಿ ತನ್ನ ಎಮ್ಮೆಯ ಮೇಲೆ ದೂರು ಹೇಳಿದರೆ ಎಮ್ಮೆಯ ಪರವಾಗಿಯೂ ಎರಡು ಮಾತು ಆಡುವಷ್ಟು ಸಮಾಧಾನಿ. ಹೊತ್ತಿಗೆ ಸರಿಯಾಗಿ ಏಳುತ್ತಾನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಯಾರಿಗೂ ಭಾರವಾಗುವುದಿಲ್ಲ. ಇಂಥವನಿಗೆ ದೇವರು ಒಂದೇ ಒಂದು ಐಬು ಇಟ್ಟ. ಅವನು ಗೊರಕೆ ಹೊಡೆಯುತ್ತಾನೆ.

ಗೊರಕೆ ಯಾರು ಹೊಡೆಯುವುದಿಲ್ಲ ಎಂದು ನೀವು ಕೇಳಬಹುದು. ನೀವು ಅವನದನ್ನು ಕೇಳಿಲ್ಲ, ಅದಕ್ಕೇ ಹಾಗೆ ಅನ್ನುತ್ತೀರಿ. ನಮ್ಮ ಮನೆಯ ಅಡ್ಡಗೋಡೆ ಕಲ್ಲಿನದು, ಮೊಳದಷ್ಟು ದಪ್ಪ. ಆದರೂ ಆಚೆ ಮನೆಯ ಸತ್ಯಪ್ಪ ಬೇಸಿಗೆ ಬಂತೆಂದರೆ ಹಾಸಿಗೆ ಸುತ್ತಿಕೊಂಡು ಹೊಲಕ್ಕೆ ಹೋಗಿ ಮಲಗುತ್ತಿದ್ದ. ಹೊಸದಾಗಿ ಕೊಂಡುತಂದ ಎಮ್ಮೆ ಮೊದಲ ವಾರ ಹಾಲನ್ನೇ ಇಳಿಸಲಿಲ್ಲ. ಅಷ್ಟು ಸಣ್ಣ ಎದೆಯಲ್ಲಿ ಅಷ್ಟು ದೊಡ್ಡ ಗಿರಣಿ ಹೇಗೆ ಹಿಡಿಸಿತೋ, ತೋರಿಸಿದ ಡಾಕ್ಟರರಿಗೂ ತಿಳಿಯಲಿಲ್ಲ.

ಅವನಿಗೆ ಇದರ ನಾಚಿಕೆ ಮೊದಲೇನೂ ಇರಲಿಲ್ಲ. ನಾಚಿಕೆ ಹುಟ್ಟಿಸಿದವರು ಕಿತ್ತೂರಿನ ಹೆಂಗಸರು. ತೊಂಬತ್ತೊಂದರಲ್ಲಿ ಗಂಡಿನ ಕಡೆಯವರಾಗಿ ಅಲ್ಲಿಗೊಂದು ಮದುವೆಗೆ ಹೋಗಿದ್ದೆವು. ರಾತ್ರಿ ಹಂದರದಲ್ಲಿ ಎಲ್ಲರ ಜೊತೆ ಇವನೂ ಮಲಗಿದ. ಬೆಳಗ್ಗೆ ಅರಿಷಿಣ ಹಚ್ಚುವ ಹೊತ್ತಿಗೆ ಹೆಣ್ಣಿನ ಕಡೆಯವರು ಬೀಗರನ್ನು ಛೇಡಿಸುವ ಹಾಡು ಎತ್ತಿಕೊಂಡರು. ಅಂಥ ಹಾಡಿನಲ್ಲಿ ಬೀಗರ ಮೂಗು, ಹೊಟ್ಟೆ, ಜಿಪುಣತನ ಎಲ್ಲ ಬರುವುದು ವಾಡಿಕೆ, ಯಾರೂ ಸಿಟ್ಟಾಗುವಂತಿಲ್ಲ. ಅವತ್ತು ಹೊಸ ನುಡಿಯೊಂದು ಸೇರಿತ್ತು. ಬೈಲಹೊಂಗಲದ ಬೀಗರು ಜೋಳ ತರಲಿಲ್ಲವಂತೆ, ಬರೀ ಗಿರಣಿ ತಂದರಂತೆ, ಬೆಳತನಕ ಬೀಸಿದರೂ ಒಂದು ಹಿಡಿ ಹಿಟ್ಟು ಬೀಳಲಿಲ್ಲವಂತೆ. ಹಂದರದ ತುಂಬ ನಗು. ನಾನೂ ನಕ್ಕೆ, ಹಾಡು ಚೆನ್ನಾಗಿಯೇ ಇತ್ತು. ಮಲಕಾಜಪ್ಪ ಮಾತ್ರ ಅಕ್ಷತೆಗೂ ನಿಲ್ಲದೆ ಬಸ್ಸು ಹತ್ತಿದ. ಅವತ್ತಿನಿಂದ ಪರರ ಮನೆಯಲ್ಲಿ ಅವನು ಕಣ್ಣು ಮುಚ್ಚಿದ್ದಿಲ್ಲ.

ಅವನ ಹೆಂಡತಿ ಅನ್ನಪೂರ್ಣಾ, ಮಗಳು ನಾಗರತ್ನಾ ಇನ್ನೂ ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಮಗುವನ್ನು ಬೆಳೆಸಲು ನಾನು ಆ ಮನೆ ಸೇರಿದೆ. ನನಗೆ ಮದುವೆಯಾಗಿರಲಿಲ್ಲ, ಅದು ಬೇರೆ ಕತೆ, ಕೇಳಬೇಡಿ. ತೊಂಬತ್ತಾರರಲ್ಲಿ ನಾಗರತ್ನಾಳನ್ನು ರಾಮದುರ್ಗದ ಹತ್ತಿರ ತೊರಗಲ್ಲಿನ ಶ್ರೀಶೈಲನಿಗೆ ಕೊಟ್ಟೆವು. ಆ ಮದುವೆಯ ರಾತ್ರಿ ಮಲಕಾಜಪ್ಪ ಗೊರಕೆಯ ಭಯಕ್ಕೆ ಚಹಾದ ಮೇಲೆ ಚಹಾ ಕುಡಿಯುತ್ತ ಹಂದರದ ಕಂಬಕ್ಕೆ ಆತು ಕುಳಿತೇ ಬೆಳಗು ಮಾಡಿದ. “ಎಂಥಾ ಜವಾಬ್ದಾರಿ ಮನಷಾ, ಕಣ್ಣಿಗೆ ಕಣ್ಣ ಹಚ್ಚಲಿಲ್ಲ ನೋಡ್ರಿ” ಎಂದು ಬೀಗರು ಹೊಗಳಿದ್ದೇ ಹೊಗಳಿದ್ದು. ಹೊರಡುವ ಮುಂಚೆ ಅವನು ಮಗಳನ್ನು ಬದಿಗೆ ಕರೆದು, ಅವಳ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಹಾಕಿಸಿದ. ಗೊರಕೆಯ ಸುದ್ದಿಯನ್ನು ಆ ಮನೆಯಲ್ಲಿ ಎಂದೂ ಎತ್ತಬಾರದು! ಗಂಡನ ಮನೆಗೆ ಹೊರಟ ಮಗಳಿಗೆ ತಂದೆ ಹೇಳುವ ಬುದ್ಧಿಮಾತು ಇದೇನಾ ಎಂದು ನಾನು ಬೈದೆ. ಹುಡುಗಿ ಅಳುತ್ತಲೇ ನಕ್ಕಳು, ಆಣೆಯನ್ನೂ ಹಾಕಿದಳು.

ಇಂಥ ಮನುಷ್ಯನಿಗೆ ಎಂಥ ಬೀಗರು ಸಿಗಬಾರದೋ ಅಂಥವರೇ ಗಂಟುಬಿದ್ದಿದ್ದರು. ಶ್ರೀಶೈಲನ ತಂದೆ ನಿಜಗುಣಪ್ಪನವರು ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು, ಧ್ವನಿಯೂ ಅದೇ ಅಳತೆಯದು. ಬಂದ ಬೀಗರು ಒಂದು ರಾತ್ರಿ ವಸ್ತಿ ಇರದೆ ಹೋಗಬಾರದು ಎಂಬುದು ಅವರ ಮನೆತನದ ಹಟ. ಅವರ ಅಜ್ಜನ ಕಾಲದಲ್ಲಿ ಬೀಗರು ಎತ್ತಿನ ಗಾಡಿಯಲ್ಲಿ ಬರುತ್ತಿದ್ದರಲ್ಲ, ಆಗ ಬೀಗರು ಉಣ್ಣಲು ಕುಳಿತ ಹೊತ್ತು ನೋಡಿ, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕಿದ ಕಬ್ಬಿಣದ ಕಡಾಣಿಯನ್ನು ಮೆಲ್ಲನೆ ಕಿತ್ತು ಜೋಳದ ಚೀಲದಲ್ಲಿ ಬಚ್ಚಿಡುತ್ತಿದ್ದರಂತೆ. ಹೊರಡುವ ಮುಂಚೆ ಬೀಗರು ಗಾಡಿಯ ಸುತ್ತ ಒಂದು ಸುತ್ತು ಹಾಕಿ ನೋಡುವುದು, ಕಡಾಣಿ ಕಾಣದೆ ಹಣೆ ಬಡಿದುಕೊಳ್ಳುವುದು, ಮನೆಯವರು ನಗುವುದು, ರಾತ್ರಿಗೆ ಹೋಳಿಗೆ ಸುಡುವುದು, ಇಷ್ಟೆಲ್ಲ ಸೇರಿ ಆ ಆಟ. ಬಸ್ಸಿನಲ್ಲಿ ಬಂದವರಿಗೆ ಕಡಾಣಿ ಇಲ್ಲವಲ್ಲ, ಅವರ ಚಪ್ಪಲಿ ಮಾಯವಾಗುತ್ತಿತ್ತು.

ಮಲಕಾಜಪ್ಪ ಮೊದಲ ಸಲವೇ ಚಪ್ಪಲಿ ಕಳೆದುಕೊಂಡ. ಬರಿಗಾಲಲ್ಲಿ ಓಡಿ ಕೊನೆಯ ಬಸ್ಸು ಹಿಡಿದ. ಎರಡನೇ ಸಲ ಚೀಲದಲ್ಲಿ ಇನ್ನೊಂದು ಜೊತೆ ಚಪ್ಪಲಿ ಇಟ್ಟುಕೊಂಡು ಹೋದ. ಮಗಳ ಮನೆಗೆ ಕೊಬ್ಬರಿ, ಬೆಲ್ಲದ ಜೊತೆ ಕಳ್ಳ ಚಪ್ಪಲಿ ಒಯ್ಯುವ ತಂದೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಜಗುಣಪ್ಪನವರು ಮೂರನೇ ಸಲ ಚೀಲವನ್ನೇ ಬಚ್ಚಿಟ್ಟರು. ಹೀಗೇ ಎರಡು ಮೂರು ವರ್ಷ ನಡೆಯಿತು. ಕಡೆಗೆ ಬಸ್ಸಿನ ಗೊಡವೆಯೇ ಬೇಡವೆಂದು ತೊಂಬತ್ತೊಂಬತ್ತರಲ್ಲಿ ಇವನು ಬೆಳಗಾವಿಯಿಂದ ಹಳೆಯದೊಂದು ಬಿಳಿ ಮಾರುತಿ ಕಾರು ತಂದ. ಊರವರು ಹಿಂಡಿಯ ವ್ಯಾಪಾರ ಕುದುರಿದೆ ಎಂದುಕೊಂಡರು. ಕಾರು ಬಂದದ್ದು ಗೊರಕೆಗಾಗಿ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಕಾರಿನಲ್ಲಿ ತೊರಗಲ್ಲಿಗೆ ಹೋದ ಮೊದಲ ದಿನ ಊಟ ಮುಗಿಸಿ ಹೊರಗೆ ಬಂದರೆ, ಮುಂದಿನ ಗಾಲಿಯ ನಾಲ್ಕೂ ನಟ್ಟು ಮಾಯ. ನಿಜಗುಣಪ್ಪನವರು ಕಟ್ಟೆಯ ಮೇಲೆ ಕುಳಿತು ಮೀಸೆಯಡಿಯಲ್ಲಿ ನಗುತ್ತಿದ್ದರು.

“ಕಾಲ ಬದಲ ಆತ್ರಿ ಬೀಗರ, ನಾವೂ ನಟ್ಟ ಬಿಚ್ಚೂ ಪಾನಾ ಹಿಡ್ಯೂದ ಕಲತೇವಿ” ಎಂದರು. “ಇವತ್ತ ವಸ್ತಿ ಇರ್ರಿ. ನಾಳೆ ಮುಂಜಾನೆ ನಟ್ಟ ತಾವ ಬರತಾವ.”

“ಅಂಗಡಿ ತೆರೀಬೇಕ್ರಿ ಬೀಗರ, ಗಿರಾಕಿ ಕಾಯತಾರ.”

“ನಿಮ್ಮ ಗಿರಾಕಿ ಎಮ್ಮಿ ಅಲ್ಲೇನ್ರಿ? ಒಂದ ದಿನ ಕಾದ್ರ ಏನ ಆಗತೈತಿ?”

ಇವನು ಕಾರನ್ನು ಅಲ್ಲೇ ಬಿಟ್ಟು, ನನ್ನನ್ನೂ ಅಲ್ಲೇ ಬಿಟ್ಟು, ಉಳ್ಳಾಗಡ್ಡಿ ತುಂಬಿದ ಲಾರಿ ಹತ್ತಿ ಊರಿಗೆ ಹೋದ. ಮರುದಿನ ಬಸ್ಸಿನಲ್ಲಿ ಬಂದು ಕಾರನ್ನೂ ಅಕ್ಕನನ್ನೂ ಬಿಡಿಸಿಕೊಂಡು ಹೋದ. ನಾನು ಮಾತ್ರ ರಾತ್ರಿ ಹೋಳಿಗೆ ಉಂಡು ಸುಖವಾಗಿ ನಿದ್ದೆ ಮಾಡಿದ್ದೆ.

ಅದಾದ ವಾರವೇ ಬೆಳಗಾವಿಯ ಕಾರಿನ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಪುಣೆಯಿಂದ ತರಿಸಿದ ಡಬ್ಬಿ ತೆಗೆದು ತೋರಿಸಿದ. ಒಂದೊಂದು ಗಾಲಿಗೆ ಒಂದೊಂದರಂತೆ ನಾಲ್ಕು ನಟ್ಟು. ಉಳಿದ ನಟ್ಟಿನಂತೆ ಆರು ಮೂಲೆ ಇಲ್ಲ, ಸುತ್ತ ದುಂಡು, ತಲೆಯ ಮೇಲೆ ರಂಗೋಲಿಯಂತೆ ಗೆರೆ ಕೊರೆದಿದೆ. ಆ ಗೆರೆಗೆ ಕೂಡುವ ಕೀಲಿಕೈ ಜೊತೆಗೇ ಬರುತ್ತದೆ. ಅದಿಲ್ಲದೆ ಯಾವ ಪಾನಾ ಹಾಕಿದರೂ ಜಾರುತ್ತದೆ.

“ನಿಮ್ಮ ಕಡೆ ಗಾಲಿ ಕಳ್ಳರ ಕಾಟ ಭಾಳ ಐತೇನ್ರಿ?” ಎಂದು ಅಂಗಡಿಯವನು ಕೇಳಿದ.

“ಭಾಳ ಐತ್ರಿ” ಎಂದ ಮಲಕಾಜಪ್ಪ.

“ಪೊಲೀಸರಿಗೆ ಹೇಳಬೇಕಿಲ್ಲೋ? ಯಾರಂತ ಗೊತ್ತಿಲ್ಲೇನು?”

“ಗೊತ್ತೈತ್ರಿ. ಮಗಳನ್ನ ಅವರ ಮನಿಗೇ ಕೊಟ್ಟೇನಿ.”

ಅಂಗಡಿಯವನು ನನ್ನ ಮುಖ ನೋಡಿದ. ನಾನು ತಲೆ ಎತ್ತಿ ಛತ್ತು ನೋಡಿದೆ.

ನಮ್ಮೂರಲ್ಲಿ ಗಾಡಿ ರಿಪೇರಿ ಮಾಡುವ ಕಾಂತೇಶನಿಗೆ ಈ ನಟ್ಟು ಕೂಡಿಸಲು ಮನಸ್ಸಿರಲಿಲ್ಲ. “ಕಾಕಾ, ರಸ್ತಾದಾಗ ಪಂಕ್ಚರ್ ಆತಂದ್ರ ಹೋಗೂ ಬರೂ ಮಂದಿ ಪಾನಾ ಹಿಡಕೊಂಡ ಬಂದ ಸಹಾಯ ಮಾಡತಾರ. ಇದನ್ನ ಹಾಕಿದ್ರ ಅವರೂ ಕೈ ಹಚ್ಚಂಗಿಲ್ಲ. ಮತ್ತ ಭಾಳ ಬಿಗಿ ಮಾಡಿದ್ರ ಆ ಗೆರಿ ಸವದ ಕೀಲಿಕೈನೂ ತಿರಗತೈತಿ. ಬ್ಯಾಡ ಬಿಡ್ರಿ” ಎಂದ. ನಾನೂ ನನ್ನ ಪಾಲಿನದನ್ನು ಹೇಳಿದೆ. “ಲೇ ತಮ್ಮಾ, ಬೀಗರ ಮನಿಗೆ ಗಾಲಿಗೆ ಕೀಲಿ ಜಡಕೊಂಡ ಹೋಗೂದಂದ್ರ ಏನ ಅರ್ಥ ಆಕೈತಿ ಗೊತ್ತೈತೇನು? ನೀವು ಕಳ್ಳರು ಅಂದಂಗ. ಅದಕ್ಕಿಂತ, ನಾ ಗೊರಕಿ ಹೊಡೀತೇನಿ ಅಂತ ಒಂದ ಮಾತ ಹೇಳಿಬಿಡು, ಮುಗೀತು.”

“ಅಕ್ಕಾ, ತೊರಗಲ್ಲಿನ ಹೆಂಗಸರೂ ಹಾಡು ಕಟ್ಟತಾರ” ಎಂದ ಮಲಕಾಜಪ್ಪ. “ನಮ್ಮ ನಾಗಿ ಜಲ್ಮಾಪೂರ್ತಿ ಆ ಹಾಡು ಕೇಳಕೋತ ಕುಂಡ್ರಬೇಕೇನು?”

ಅವನ ಭಯ ನನಗೆ ಅವತ್ತು ಸರಿಯಾಗಿ ತಿಳಿಯಿತು. ತನ್ನ ಮಾನಕ್ಕಿಂತ ಮಗಳ ಮಾನದ ಚಿಂತೆ ಅದು. ತಿಳಿದರೂ ಸಿಟ್ಟು ಇಳಿಯಲಿಲ್ಲ, ಯಾಕೆಂದರೆ ಹೆಡ್ಡತನ ಯಾರ ಸಲುವಾಗಿ ಮಾಡಿದರೂ ಹೆಡ್ಡತನವೇ.

ನಟ್ಟು ಕೂತವು. ಕೀಲಿಕೈ ಅವನ ಎಲೆಅಡಿಕೆಯ ಸಂಚಿ ಸೇರಿತು. ಮುಂದಿನ ಸಲ ನಿಜಗುಣಪ್ಪನವರು ಪಾನಾ ಹಿಡಿದು ಹೋದವರು ಬೆವರು ಒರೆಸಿಕೊಳ್ಳುತ್ತ ಬಂದರು. “ಬೀಗರು ಇಂಗ್ಲಿಷ್ ನಟ್ಟ ಹಾಕ್ಯಾರಲೇ!” ಎಂದು ಮೊದಮೊದಲು ಅವರೇ ನಕ್ಕರು. ಮಲಕಾಜಪ್ಪನಿಗೋ ಎಲ್ಲಿಲ್ಲದ ಧೈರ್ಯ. ಅದುವರೆಗೆ ಹೊರಡುವ ಮುಂಚೆ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಗಾಲಿಗಾಲಿಗೂ ಬಗ್ಗಿ ನೋಡುತ್ತಿದ್ದವನು ಆ ರೂಢಿಯನ್ನೇ ಬಿಟ್ಟ. ಉಂಡ, ಕೈ ತೊಳೆದ, ಬಾಗಿಲು ತೆರೆದು ಕುಳಿತ, ಹೊರಟ. ಸೂರ್ಯ ಮುಳುಗುವ ಮುಂಚೆ ಬೈಲಹೊಂಗಲ.

ನಗು ಹೆಚ್ಚು ದಿನ ಉಳಿಯಲಿಲ್ಲ. ನಿಜಗುಣಪ್ಪನವರ ಹೆಂಡತಿ ಗುರುಬಸವ್ವನವರು ಮಾತು ಕಡಿಮೆಯ ಹೆಂಗಸು. ಕಡಿಮೆ ಮಾತಿನವರು ಒಂದು ಸಲ ಆಡಿದರೆ ಅದು ಒಳಗೇ ಉಳಿಯುತ್ತದೆ. ಒಂದು ದಿನ ನಾನು ಅಡಿಗೆಮನೆಯಲ್ಲಿ ಇದ್ದಾಗಲೇ ಅವರು ಸೊಸೆಗೆ ಹೇಳಿದರು. “ನಿಮ್ಮಪ್ಪಗ ನಮ್ಮ ಮನಿ ಹಾಸಿಗಿ ಚುಚ್ಚತೈತೇನವಾ? ಗಾಲಿಗೆ ಕೀಲಿ ಹಾಕ್ಕೊಂಡ ಬರತಾರ. ನಾವೇನ ಕಳ್ಳರೋ, ಏನ ಕಡಿಮಿ ಕುಲದವರೋ, ಒಂದೂ ತಿಳೀವಲ್ದು.” ನಾಗರತ್ನಾ ರೊಟ್ಟಿ ಬಡಿಯುತ್ತಲೇ ಇದ್ದಳು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಪ್ಪನ ತಲೆಯ ಮೇಲೆ ಇಟ್ಟ ಕೈ ಅದನ್ನು ಹಿಡಿದಿತ್ತು.

ಅವತ್ತು ಹೊರಡುವಾಗ ಅವಳು ಕಾರಿನ ಕಿಟಕಿ ಹಿಡಿದು ನಿಂತಳು. “ಅಪ್ಪಾ, ಒಂದ ರಾತ್ರಿ ಇರಪ್ಪಾ. ನನ್ನ ಸಲುವಾಗಿ.”

“ಮುಂದಿನ ಸಲ ನೋಡೋಣವಾ” ಎಂದ ಇವನು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಮುಂದಿನ ಸಲ ಎನ್ನುವುದು ಬರುವುದಿಲ್ಲ. ಮುನವಳ್ಳಿ ದಾಟುವವರೆಗೂ ನಾನು ಅವನನ್ನು ಬೈದೆ. ಅವನು ಒಂದು ಮಾತೂ ಆಡದೆ ಗಾಡಿ ನಡೆಸಿದ, ಅದೊಂದು ಕಲೆ ಅವನಿಗೆ ಚೆನ್ನಾಗಿ ಬರುತ್ತದೆ.

ಎರಡು ಸಾವಿರದ ಎರಡರ ಸೀಗಿ ಹುಣ್ಣಿಮೆಗೆ ಬೀಗರು ಹೊಲಕ್ಕೆ ಕರೆದರು. ಬೆಳೆದು ನಿಂತ ಪೈರಿಗೆ ನೈವೇದ್ಯದ ಚರಗ ಚೆಲ್ಲಿ ಹೊಲದಲ್ಲೇ ಉಣ್ಣುವ ಹಬ್ಬ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೇಲೆ ಗಟ್ಟಿ ಮೊಸರು. ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆವು. ನಾವು ಪಂಕ್ತಿಯಲ್ಲಿ ಕುಳಿತಿದ್ದಾಗ ನಿಜಗುಣಪ್ಪನವರು ಒಂದು ನೆಪ ಹೇಳಿ ಎದ್ದು ಹೋದರು. ಮೂರು ವರ್ಷದಿಂದ ಹೊಳೆಯದಿದ್ದ ಉಪಾಯ ಅವರಿಗೆ ಅವತ್ತು ಹೊಳೆದಿತ್ತು. ಗಾಲಿಗೆ ನಟ್ಟು ನಾಲ್ಕು. ಕೀಲಿಯದು ಒಂದು. ಉಳಿದ ಮೂರು ಸಾದಾ. ಆ ಮೂರನ್ನು ಬಿಚ್ಚಿಟ್ಟರೆ ಬರೀ ಒಂದು ನಟ್ಟಿನ ಮೇಲೆ ಯಾವ ಶಾಣ್ಯಾ ಗಾಡಿ ಹೊಡೆಯುತ್ತಾನೆ? ಹೊರಡುವ ಮುಂಚೆ ಬೀಗರು ಗಾಲಿ ನೋಡಿಯೇ ನೋಡುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ, ರಾತ್ರಿ ಇರುತ್ತಾರೆ. ಹಿಂದಿನ ಎಡಗಾಲಿಯ ಮೂರು ನಟ್ಟು ಬಿಚ್ಚಿ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು, ಏನೂ ಆಗದವರಂತೆ ಬಾವಿಯ ಕಡೆ ಕೈ ತೊಳೆಯಲು ಹೋದರು.

ನೋಡುವವನು ನೋಡಲಿಲ್ಲ. ಕೀಲಿ ಇದೆಯಲ್ಲ ಎಂಬ ಧೈರ್ಯ. ಬಲಗಡೆಯಿಂದ ಬಂದ, ಬಾಗಿಲು ತೆರೆದ, ನನ್ನನ್ನು ಹಿಂದೆ ಕೂಡಿಸಿಕೊಂಡ, ಹೊರಟೇಬಿಟ್ಟ. ನಿಜಗುಣಪ್ಪನವರು ಬಾವಿಯಿಂದ ತಲೆಯೆತ್ತಿ ನೋಡುವಷ್ಟರಲ್ಲಿ ಕಾರು ಹೊಲದ ದಾರಿ ಹಿಡಿದಿತ್ತು.

ಮುಂದೆ ನಡೆದದ್ದನ್ನು ನಾನು ಹಿಂದಿನ ಗಾಜಿನಿಂದ ಕಣ್ಣಾರೆ ಕಂಡೆ. ಅಷ್ಟು ದೊಡ್ಡ ಆಳು ಧೋತರ ಎತ್ತಿ ಕಟ್ಟಿ, ಟವೆಲ್ ಬೀಸುತ್ತ, ಬಾಯಿ ಬಡಿದುಕೊಳ್ಳುತ್ತ ನಮ್ಮ ಹಿಂದೆ ಓಡಿಬರುತ್ತಿದ್ದರು. ಕನ್ನಡಿಯಲ್ಲಿ ಮಲಕಾಜಪ್ಪನೂ ಕಂಡ.

“ನೋಡಿದ್ಯಾ ಅಕ್ಕಾ, ಈಗ ಬೆನ್ನ ಹತ್ತಿ ಹಿಡಿಯಾಕ ಬರಾಕತ್ತಾರ!” ಎಂದು ಇನ್ನಷ್ಟು ಜೋರು ಓಡಿಸಿದ.

“ಲೇ, ಹಿಂದ ಏನೋ ಕಟಕಟ ಅನ್ನಾಕತ್ತೈತಿ.”

“ಹೊಲದ ದಾರಿ ಅಕ್ಕಾ, ಅನ್ನದ ಏನ ಮಾಡೀತು?”

ಹಿಂದೆ ನೋಡಿದರೆ ಶ್ರೀಶೈಲ ಮೋಟಾರ್ ಸೈಕಲ್ ತೆಗೆದಿದ್ದ. ನಿಜಗುಣಪ್ಪನವರು ಅದರ ಹಿಂದೆ ಹತ್ತಿ ಕುಳಿತಿದ್ದರು. ಮಲಕಾಜಪ್ಪ ಹಲ್ಲು ಕಚ್ಚಿ ಓಡಿಸಿದ. ಜೀವ ಉಳಿಸಲು ಒಬ್ಬರು ಬೆನ್ನಟ್ಟುವುದು, ಅವರಿಂದ ಜೀವ ಉಳಿಸಿಕೊಂಡಂತೆ ಇವನು ಓಡುವುದು. ಮೋಟಾರ್ ಸೈಕಲ್ ಹತ್ತಿರ ಬಂದಾಗ ನಿಜಗುಣಪ್ಪನವರ ಮುಖ ಕಂಡಿತು. ಅದು ಆಟ ಆಡುವವರ ಮುಖವಾಗಿರಲಿಲ್ಲ. ಅವರು ಅಳುತ್ತಿದ್ದರು. ಹೋಳಿಗೆ ಕಟ್ಟಿಕೊಟ್ಟಿದ್ದ ಡಬ್ಬಿಯನ್ನು ಎತ್ತಿ ತಮ್ಮನ ಹೆಗಲಿಗೆ ಬಲವಾಗಿ ಬಡಿದು “ನಿಲ್ಲಸೋ ಹುಚ್ಚಾ!” ಎಂದು ಚೀರಿದೆ. ಅವನು ಬ್ರೇಕು ಒತ್ತಿದ. ಕಾರಿನ ಹಿಂಭಾಗ ಎಡಕ್ಕೆ ಸರಿಯಿತು, ಕಟ್ಟೆಂದು ಏನೋ ಮುರಿದಂತಾಯಿತು, ಕಾರು ರಸ್ತೆ ಬಿಟ್ಟು ಪಕ್ಕದ ಶೇಂಗಾ ಹೊಲದ ಮೆತ್ತನೆ ಮಣ್ಣಿನಲ್ಲಿ ವಾಲಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಇಳಿದು ನೋಡಿದರೆ ಹಿಂದಿನ ಗಾಲಿ ಸೊಟ್ಟಗೆ ಒರಗಿತ್ತು. ಆ ಒಂದೇ ಒಂದು ಲಾಕ್ ನಟ್ಟು ಅದನ್ನು ಹಿಡಿದುಕೊಂಡಿತ್ತು. ಆ ನಟ್ಟೇ ಜೀವ ಉಳಿಸಿತು ಎಂದು ಮಲಕಾಜಪ್ಪ ಇಂದಿಗೂ ವಾದಿಸುತ್ತಾನೆ. ಆ ನಟ್ಟಿನ ಧೈರ್ಯ ಇರದಿದ್ದರೆ ನೀನು ಗಾಲಿ ನೋಡುತ್ತಿದ್ದಿ ಎಂದು ನಾನು ಇಂದಿಗೂ ಹೇಳುತ್ತೇನೆ. ಇಬ್ಬರೂ ಸೋತಿಲ್ಲ.

ನಿಜಗುಣಪ್ಪನವರು ಮೋಟಾರ್ ಸೈಕಲ್ಲಿನಿಂದ ಇಳಿದು ಬಂದರು. ನಟ್ಟು ಕಟ್ಟಿದ ಟವೆಲ್ಲಿನ ತುದಿಯನ್ನು ನಮ್ಮ ಮುಂದೆ ಹಿಡಿದರು. ಹಾಗೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. “ನಿಮ್ಮನ್ನ ಕೊಂದ ಬಿಡತಿದ್ನಲ್ಲರಿ ಬೀಗರ. ನಮ್ಮ ಸೊಸಿಗೆ ಏನಂತ ಮುಖಾ ತೋರಸ್ತಿದ್ದೆ? ಮನಿಗೆ ಬಂದವರನ್ನ ಇಟಗೋಬೇಕಂತ ಹೋಗಿ... ನೀವ ಇರೂದ ಬ್ಯಾಡ್ರಿ. ಇನ್ನ ಮ್ಯಾಲ ನಾ ಯಾರಿಗೂ ಇರ್ರಿ ಅನ್ನಂಗಿಲ್ಲ.”

ಅಷ್ಟು ದೊಡ್ಡ ಮನುಷ್ಯ ಹಾಗೆ ಕುಗ್ಗಿ ಕುಳಿತದ್ದನ್ನು ನೋಡಲು ನನಗೇ ಆಗಲಿಲ್ಲ, ಇನ್ನು ಎಮ್ಮೆಯ ಸಂಕಟವನ್ನೂ ತಾಳದ ನನ್ನ ತಮ್ಮನಿಗೆ ಹೇಗೆ ಆದೀತು? ಅವನು ಅವರೆದುರು ತಾನೂ ಕುಕ್ಕರುಗಾಲಲ್ಲಿ ಕುಳಿತ.

“ತಪ್ಪ ನಿಮ್ಮದಲ್ರಿ ಬೀಗರ, ನಂದು. ನಾ... ನಾ ಗೊರಕಿ ಹೊಡೀತೇನ್ರಿ.”

ನಿಜಗುಣಪ್ಪನವರು ಕಣ್ಣೀರು ಒರೆಸುವುದನ್ನು ಅರ್ಧಕ್ಕೇ ನಿಲ್ಲಿಸಿದರು. “ಏನಂದ್ರಿ?”

“ಗೊರಕ್ರಿ. ಭಾಳ ಜೋರ. ಅದಕ್ಕ ಇರವಲ್ಲೆ. ನಿಮ್ಮ ಮನಿ ಹಾಸಿಗಿ ಚಲೋನ ಐತಿ.”

“ಇಷ್ಟಕ್ಕನೂ?”

“ಇಷ್ಟಕ್ಕ.”

“ಗಾಲಿಗೆ ಕೀಲಿ ಹಾಕಿದ್ದೂ ಇಷ್ಟಕ್ಕನೂ?”

“ಕಾರು ತಂದಿದ್ದೂ ಇಷ್ಟಕ್ಕರಿ.”

ನಿಜಗುಣಪ್ಪನವರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಮೀಸೆ, ಆಮೇಲೆ ಇಡೀ ಆಳು. “ನಮ್ಮಪ್ಪನೂ ಹೊಡೀತಿದ್ನೋ ಮಾರಾಯ! ಗೊರಕಿ ಹೊಡೀದವಾ ಗಂಡಸೇನು?” ಎಂದು ಅವನ ಬೆನ್ನಿಗೆ ಒಂದು ಕೊಟ್ಟರು. ಮಲಕಾಜಪ್ಪ ಶೇಂಗಾ ಗಿಡದ ಮೇಲೆ ಬಿದ್ದ.

ಕಾರು ಹೊರಡುವಂತಿರಲಿಲ್ಲ. ಸಂಚಿಯಿಂದ ಕೀಲಿಕೈ ತೆಗೆದು ಹಾಕಿ ನೋಡಿದರು. ಗೆರೆ ಸವೆದು ಕೀಲಿಕೈ ಸುಮ್ಮನೆ ಗಿರಗಿರ ತಿರುಗಿತು. ಕಾಂತೇಶ ಹೇಳಿದಂತೆಯೇ ಆಗಿತ್ತು. ರಾಮದುರ್ಗದಿಂದ ಮಿಸ್ತ್ರಿ ನಾಳೆ ಬಂದು ಉಳಿ ಸುತ್ತಿಗೆಯಿಂದ ಕಡಿಯಬೇಕು ಎಂದಾಯಿತು. ಮಲಕಾಜಪ್ಪನನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿ ಮನೆಗೆ ಕರೆದೊಯ್ದರು. ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, ಕೈಕಾಲು ಮುಟ್ಟಿ ನೋಡಿ, ಆಮೇಲೆ ಅತ್ತೆಯ ಎದುರಿಗೇ ಜೋರಾಗಿ ಬೈದಳು. ಬೈಗುಳ ಅಚ್ಚುಕಟ್ಟಾಗಿತ್ತು, ನನ್ನ ಶಿಷ್ಯೆಯಲ್ಲವೇ! ಉಂಡ ಮೇಲೆ ಪಡಸಾಲೆಯಲ್ಲಿ ಹೊಸ ಕೌದಿ ಹಾಸಿ ಅವನನ್ನು ಮಲಗಿಸಿದರು. “ಹೊಡೀರಿ ಬೀಗರ, ಎಷ್ಟ ಹೊಡೀತೀರಿ ನೋಡೇ ಬಿಡೋಣು” ಎಂದು ನಿಜಗುಣಪ್ಪನವರು ಪಕ್ಕದಲ್ಲೇ ಹಾಸಿಕೊಂಡರು. ಪಾಪ, ಅವರಿಗೇನು ಗೊತ್ತು?

ಬೆಳಗ್ಗೆ ನಾನು ಎದ್ದು ಹೊರಗೆ ಬಂದರೆ ನಿಜಗುಣಪ್ಪನವರು ಕೆಂಪು ಕಣ್ಣು ಬಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. “ನಮ್ಮಪ್ಪ ಇವರ ಮುಂದ ಕೂಸರಿ ಬಾಯಾರ” ಎಂದರು ಮೆಲ್ಲಗೆ. ಶ್ರೀಶೈಲ ದನದ ಕೊಟ್ಟಿಗೆಯಲ್ಲಿ ಮಲಗಿ ಎದ್ದು, ಮೈಗೆ ಹುಲ್ಲು ಮೆತ್ತಿಕೊಂಡು ಬಂದ. ನಿಮ್ಮ ಮನೆಯಲ್ಲಿ ರಾತ್ರಿ ಯಾವ ಪಂಪಸೆಟ್ಟು ನಡೆದಿತ್ತು ಎಂದು ಎದುರುಮನೆಯ ಮುದುಕಿ ಶಟ್ಟೆವ್ವ ಕೇಳಿಕೊಂಡು ಬಂದಳು. ಮಲಕಾಜಪ್ಪ ಎಚ್ಚರಾಗಿ ಇದನ್ನೆಲ್ಲ ಕೇಳಿ, ಮುಖವನ್ನೂ ತೊಳೆಯದೆ ಮೂಲೆಯಲ್ಲಿ ನಿಂತು ಚಪ್ಪಲಿ ಹುಡುಕತೊಡಗಿದ. “ಮಿಸ್ತ್ರಿ ಬಂದ ಕೂಡಲೇ ಹೊರಡೂಣು ಅಕ್ಕಾ, ಇಲ್ಲಾ ಬಸ್ಸಿಗರೆ ಹೋಗೂಣು.”

ಆಗಲೇ ಗುರುಬಸವ್ವನವರು ಬಂದರು. ಅವರ ಕಣ್ಣೂ ಊದಿತ್ತು. ಕೈಯಲ್ಲಿ ಅಂಗಳಕ್ಕೆ ನೀರಿನ ಚಳೆ ಹೊಡೆಯುವ ಬಕೆಟ್ಟು. ಸೊಸೆಯ ಕೆಲಸ ಅದು. ಸೊಸೆ ಎಲ್ಲೂ ಕಾಣಲಿಲ್ಲ. ಅವರು ಬಾಯಿಯ ಮೇಲೆ ಬೆರಳಿಟ್ಟು ನನ್ನನ್ನು ಒಳಗೆ ಕರೆದು ಕೋಣೆಯ ಬಾಗಿಲು ತುಸು ಸರಿಸಿ ತೋರಿಸಿದರು. ಮುಖದ ಮೇಲೆ ಬಿಸಿಲು ಬಿದ್ದಿದ್ದರೂ ನಾಗರತ್ನಾ ಬಾಯಿ ತುಸು ತೆರೆದು, ಕಾಲು ಮಡಚಿ, ಸಣ್ಣ ಹುಡುಗಿಯಂತೆ ಮಲಗಿದ್ದಳು. ತಾಯಿ ಸತ್ತ ಮೇಲೆ ಆ ಮಗು ಅಪ್ಪನ ಮಗ್ಗುಲಲ್ಲಿ ಅದೇ ಸಪ್ಪಳ ಕೇಳುತ್ತಲೇ ಮಲಗಿ ಬೆಳೆದದ್ದು. ಸಪ್ಪಳ ನಿಂತರೆ ಎದ್ದು ಕೂರುತ್ತಿತ್ತು. ಇದನ್ನು ನಾನು ಗುರುಬಸವ್ವನವರಿಗೆ ಹೇಳಬೇಕೆಂದುಕೊಂಡೆ. ಹೇಳುವ ಅಗತ್ಯ ಬೀಳಲಿಲ್ಲ.

“ಬಂದಾಗಿಂದ ನಾ ಏಳೂ ಮುಂಚೆ ಎದ್ದ ಕುಂತಿರತಿದ್ಲರಿ” ಎಂದರು ಅವರು, ಬಾಗಿಲು ಮುಚ್ಚುತ್ತ. “ಭಾಳ ಚುರುಕ ಹುಡುಗಿ ಅಂತ ನಾ ಮಂದಿ ಮುಂದ ಹೇಳಕೋತ ಬಂದೆ. ನಿದ್ದಿನ ಇರಲಿಲ್ಲ ಆಕಿಗೆ.”

ಹೊರಗೆ ಬಂದು ಮಲಕಾಜಪ್ಪನ ಕೈಯಲ್ಲಿದ್ದ ಚಪ್ಪಲಿಗಳನ್ನು ಅವರೇ ಇಸಿದುಕೊಂಡರು.

“ಇವತ್ತೂ ಇರ್ರಿ ಅಣ್ಣಾರ. ನಮಗ ನಿದ್ದಿ ಬರದಿದ್ರ ನಡೀತೈತಿ. ಆಕಿ ಮಲಗಲಿ.”

ಮಲಕಾಜಪ್ಪ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಕಟ್ಟೆಯ ಮೇಲೆ ನಿಜಗುಣಪ್ಪನವರ ಪಕ್ಕ ಕುಳಿತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ರಾಮದುರ್ಗದ ಮಿಸ್ತ್ರಿ ಉಳಿ, ಸುತ್ತಿಗೆ ಹಿಡಿದು ಬಂದ. ಒಳಗೆ ಸೊಸೆ ಮಲಗಿದ್ದಾಳೆ, ಸಪ್ಪಳ ಮಾಡಬೇಡ ಎಂದು ನಿಜಗುಣಪ್ಪನವರು ಪಿಸುಮಾತಿನಲ್ಲೇ ಅವನಿಗೆ ಚಹಾ ಕೊಡಿಸಿ, ನಾಳೆ ಬಾ ಎಂದು ಹೇಳಿ ಕಳಿಸಿದರು.